ಬೇಡವೆನ್ನಲಾಗದ ನೀರು

ನಾನು ನೆಲಕ್ಕೆ ಅಂಟಿಕೊಂಡು ಹಬ್ಬುವ ಒಂದು ಗಿಡ. ಹಿಮ ಬೀಳುವ ಬೆಟ್ಟದಲ್ಲಿ, ಬಂಡೆಯ ಬಿರುಕೊಂದರಲ್ಲಿ ಹುಟ್ಟಿದೆ. ನಾಲ್ಕು ಬೆರಳಿಗಿಂತ ಎತ್ತರ ಬೆಳೆಯುವ ಜಾತಿಯಲ್ಲ ನಮ್ಮದು. ಚಾಪೆಯ ಹಾಗೆ ಹರಡಿಕೊಂಡು, ಬೇಸಿಗೆಯಲ್ಲಿ ಮೈತುಂಬ ಗುಲಾಬಿ ಬಣ್ಣದ ಹೂ ಬಿಡುತ್ತೇವೆ. ಚಳಿ, ಗಾಳಿ ಎಲ್ಲವನ್ನೂ ತಡೆಯುತ್ತೇವೆ. ಬುಡದಲ್ಲಿ ನೀರು ನಿಂತರೆ ಮಾತ್ರ ಉಳಿಯುವುದಿಲ್ಲ.

ಗಿಡ ಮಾರುವವನೊಬ್ಬ ನನ್ನನ್ನು ಕಿತ್ತು ಕುಂಡಕ್ಕೆ ಹಾಕಿದ. ಪ್ರವಾಸಕ್ಕೆ ಬಂದಿದ್ದ ಗುರುಮಲ್ಲಪ್ಪನವರು ಅವನಿಂದ ಕೊಂಡು, ಊಟದ ಡಬ್ಬಿಯಲ್ಲಿಟ್ಟು, ದಾರಿಯುದ್ದಕ್ಕೂ ಮುಚ್ಚಳ ತೆಗೆದು ತೆಗೆದು ನೋಡುತ್ತ ಊಟಿಗೆ ತಂದರು. ಚಾಮರಾಜನಗರದ ಕಡೆಯವರು, ಊಟಿಯ ಟೀ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿದ್ದರು. ಮನೆಯ ಮುಂದೆ ಜಲ್ಲಿ, ಮರಳು ಸುರಿದು, ಓರೆಯಾಗಿ ಕಲ್ಲು ಜೋಡಿಸಿ ನನಗೊಂದು ಪುಟ್ಟ ಬೆಟ್ಟವನ್ನೇ ಕಟ್ಟಿದರು. ಅಪರೂಪಕ್ಕೊಮ್ಮೆ ನೀರು ಚಿಮುಕಿಸುತ್ತಿದ್ದರು, ಅಷ್ಟೇ.

"ಈ ಒಣಕಲು ಸೊಪ್ಪಿಗೆ ಅದೇನ್ ಆರೈಕೆ ಮಾಡ್ತೀರೋ," ಎಂದು ಅವರ ಹೆಂಡತಿ ಶಿವಮ್ಮಣ್ಣಿ ನಗುತ್ತಿದ್ದರು.

ಒಂದು ಬೆಳಿಗ್ಗೆ ಗುರುಮಲ್ಲಪ್ಪನವರು ನನ್ನ ಮೇಲೆಯೇ ಕುಸಿದುಬಿದ್ದರು. ಕೆನ್ನೆಯ ಬಿಸಿ ತಾಗುತ್ತಿತ್ತು, ಉಸಿರು ಬರುತ್ತಿತ್ತು, ಮಾತಿರಲಿಲ್ಲ. ಕೂಗಿ ಕರೆಯಲು ನನಗೆ ಬಾಯಿಲ್ಲ. ಹಾಲಿಗೆ ಹೋಗಿದ್ದ ಶಿವಮ್ಮಣ್ಣಿ ಬರುವವರೆಗೂ ಹಾಗೆಯೇ ಬಿದ್ದಿದ್ದರು.

ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮರಳಿದರು. ಬಲಗೈ ಸ್ವಾಧೀನ ತಪ್ಪಿತ್ತು. ನಾಲಿಗೆಯಲ್ಲಿ ಉಳಿದದ್ದು ಒಂದೇ ಅಕ್ಷರ: "ಬೇ..."

ಗಂಡನ ಗಿಡ ಒಣಗಬಾರದೆಂದು ಶಿವಮ್ಮಣ್ಣಿ ದಿನವೂ ಬಿಂದಿಗೆ ಹಿಡಿದು ಬಂದರು. ಜಗಲಿಯ ಮೇಲಿಂದ ಗುರುಮಲ್ಲಪ್ಪನವರು "ಬೇ... ಬೇ..." ಎಂದು ಒದ್ದಾಡಿದರು.

"ಇನ್ನೂ ಬೇಕಾ? ತಡೀರಿ, ಹುಯ್ತೀನಿ."

ಬೇಡ ಎನ್ನುತ್ತಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇನು ಬಂತು? ನನ್ನ ನಡುಮೈ ಕಪ್ಪಾಯಿತು. ಬಣ್ಣಗೆಟ್ಟಷ್ಟೂ ಆಕೆ ಗಾಬರಿಯಾಗಿ ಇನ್ನಷ್ಟು ಹುಯ್ದರು. ಗುರುಮಲ್ಲಪ್ಪನವರು ಅತ್ತರು. ಗಿಡ ಬಾಡಿದ್ದಕ್ಕೆ ಅಳುತ್ತಿದ್ದಾರೆಂದುಕೊಂಡು ಆಕೆ ಅವರ ಕಣ್ಣೊರೆಸಿದರು.

ಕೊನೆಗೊಂದು ಸಂಜೆ ಆಕೆ ಗಂಡನ ಕುರ್ಚಿಯನ್ನು ನನ್ನ ಹತ್ತಿರಕ್ಕೆ ತಳ್ಳಿಕೊಂಡು ಬಂದರು. ಗುರುಮಲ್ಲಪ್ಪನವರು ಬಾಗಿ, ಎಡಗೈಯನ್ನು ನನ್ನೊಳಗೆ ಹೂತು, ಕೊಳೆತ ಬೇರನ್ನು ಹಿಡಿಯಷ್ಟು ಎತ್ತಿ ಹೆಂಡತಿಯ ಮೂಗಿಗೆ ಹಿಡಿದರು.

ಶಿವಮ್ಮಣ್ಣಿ ಬಿಂದಿಗೆಯನ್ನು ಕೆಳಗಿಟ್ಟರು. "ಬೇಡ ಅಂತಿದ್ರಾ?"

ಅವರು ಹೌದೆಂಬಂತೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರು.

ಆಕೆ ಕಲ್ಲಿನ ಮೇಲೆ ಕೂತರು. "ಈ ಮನೆ ಮಾರ್ಬುಟ್ಟು ಬಂದ್ಬುಡಿ ಅಂತ ಮಗ್ಳು ಅಂದಾಗ್ಲೂವೆ ನೀವು 'ಬೇ' ಅಂದ್ರಲ್ಲ..." ಎಂದರು. "ಅದೂ ಬೇಡ ಅಂತ್ಲಾ?"

ಅವರು ಮತ್ತೆ ಕಣ್ಣು ಮುಚ್ಚಿದರು. ಈ ಸಲ ಬೇಗ ತೆರೆಯಲಿಲ್ಲ. ಮನೆಯನ್ನು ಆಗಲೇ ಬೇರೆಯವರಿಗೆ ಬರೆದುಕೊಟ್ಟಾಗಿತ್ತು.

ಈಗ ನಾನು ಅಂಗೈಯಷ್ಟು ಉಳಿದಿದ್ದೇನೆ, ಒಂದು ಕಲ್ಲಿನ ಮಗ್ಗುಲಲ್ಲಿ. ಹೊಸ ಯಜಮಾನರು ಕಾರು ನಿಲ್ಲಿಸಲು ಇಲ್ಲಿ ಸಿಮೆಂಟು ಹಾಕಿಸುತ್ತಾರಂತೆ. ನನಗೆ ಓಡಲು ಕಾಲಿಲ್ಲ. ನೆನಪಿಗೆ ಬರುವುದು ಗಂಡಹೆಂಡತಿ ಬಯಲುಸೀಮೆಯ ಮಗಳ ಊರಿಗೆ ಹೊರಟ ದಿನ. ಶಿವಮ್ಮಣ್ಣಿ ನನ್ನ ಹಸಿರು ಅಂಚಿನಿಂದ ಒಂದು ಎಳೆಯನ್ನು ಬೇರುಸಹಿತ ಬಿಡಿಸಿ, ಗಂಡನ ಎಡಗೈಯಲ್ಲಿಟ್ಟರು. ಬಯಲುಸೀಮೆಯ ಬಿಸಿಲಲ್ಲಿ ನಮ್ಮ ಜಾತಿ ಬದುಕುವುದಿಲ್ಲ. ಅದು ಗುರುಮಲ್ಲಪ್ಪನವರಿಗೂ ಗೊತ್ತಿತ್ತು. ಕಾರು ಇಳಿಜಾರಿನಲ್ಲಿ ಮರೆಯಾಗುವವರೆಗೂ ಅವರು ಮುಷ್ಟಿ ಬಿಡಲಿಲ್ಲ.