ಗುರುವಾರದ ಲಾಂಚಿಗೆ ಬರುವವರು

ದ್ವೀಪದೂರು ಅಚಾವೊದ ಆ ಪುಟ್ಟ ರೇಡಿಯೋ ನಿಲಯದಲ್ಲಿ ಎದುವಿನಾಳ ಕೆಲಸ ಒಂದೇ: ಜನ ಬಂದು ಹೇಳಿದ್ದನ್ನೆಲ್ಲ ಟೈಪ್ ಮಾಡಿಡುವುದು. 'ಅಪಿಯಾವೊ ದ್ವೀಪದ ಸೊಯ್ಲಾ ಅವರಿಗೆ: ಆಪರೇಷನ್ ಚೆನ್ನಾಗಿ ಆಯಿತು, ಹಂದಿಗಳನ್ನು ನೋಡಿಕೊಳ್ಳಿ.' 'ಅಲಾವೊದ ಅಣ್ಣನಿಗೆ: ಶನಿವಾರ ಎತ್ತು ಹೊಡೆದುಕೊಂಡು ಲಾಂಚು ನಿಲ್ಲುವ ಧಕ್ಕೆಗೆ ಬಾ.' ಮಧ್ಯಾಹ್ನ ಗಾಜಿನಾಚೆಯ ಕೋಣೆಯಲ್ಲಿ ದೋನ್ ನೊಲ್ಬೆರ್ತೊ ಅದೇ ಫೈಲನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು ರೇಡಿಯೋದಲ್ಲಿ ಓದುತ್ತಿದ್ದರು. ಫೋನು ಹತ್ತದ ದ್ವೀಪಗಳಲ್ಲಿ ಜನ ಒಲೆಯ ಪಕ್ಕ ರೇಡಿಯೋ ಇಟ್ಟುಕೊಂಡು, ತಮ್ಮ ಹೆಸರು ಬಂದೀತೇ ಎಂದು ಕಿವಿಗೊಟ್ಟು ಕೂರುತ್ತಿದ್ದರು.

ಎದುವಿನಾಳ ಹೆಸರು ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಸಾಕಿದ ಅಜ್ಜಿ ಹೋದ ಮೇಲೆ ಅವಳಿಗೆ ಹೇಳಿಕಳಿಸುವವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಎಲ್ಲರದ್ದೂ ಮುಗಿದ ಮೇಲೆ, ಕೊನೆಯಲ್ಲಿ, ಆಟಕ್ಕೆಂಬಂತೆ ತನಗೆ ತಾನೇ ಒಂದು ಸಂದೇಶ ಬರೆದುಕೊಳ್ಳುತ್ತಿದ್ದಳು. ಕಣ್ತುಂಬ ನೋಡಿ ಅಳಿಸಿಬಿಡುತ್ತಿದ್ದಳು.

ಅಂದು ಅಳಿಸುವ ಹೊತ್ತಿಗೆ ಸರಿಯಾಗಿ ರೊಟ್ಟಿ ಮಾರುವ ದೋನ್ಯಾ ಕ್ಲೊರಿಂದಾ ಬಿಸಿ ಆಲೂಗಡ್ಡೆ ರೊಟ್ಟಿಯ ಬುಟ್ಟಿ ಹೊತ್ತು ಒಳಬಂದಳು. "ತಿನ್ನೇ ಮಹಾರಾಯ್ತಿ, ಗಾಳಿ ಬಂದ್ರೆ ಹಾರ್ಕೊಂಡು ಹೋಗ್ತೀಯ! ಆಮೇಲೆ ನಿನ್ನ ಹುಡುಕಿಕೊಡಿ ಅಂತ ರೇಡಿಯೋದಲ್ಲಿ ನಾನೇ ಕೂಗಿಸ್ಬೇಕು." ನಗುತ್ತ ತಿನ್ನುತ್ತ ಎದುವಿನಾ ಮರೆತೇಬಿಟ್ಟಳು. ನೆನಪಾದಾಗ ಬುಟ್ಟಿಯವಳು ಹೋಗಿಯಾಗಿತ್ತು; ಓದುವ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹತ್ತಿತ್ತು. ಅದು ಹತ್ತಿದರೆ ಯಾರೂ ಒಳಗೆ ಕಾಲಿಡುವಂತಿಲ್ಲ.

ಗಾಬರಿಯಲ್ಲಿ ಇಡೀ ಫೈಲನ್ನೇ ಅಳಿಸಿಹಾಕಿದಳು. ದೋನ್ ನೊಲ್ಬೆರ್ತೊ ಈಗ ತಡವರಿಸುತ್ತಾರೆ, ಆಮೇಲೆ ಬೈಯುತ್ತಾರೆ. ಬೈಯಲಿ.

ಅವರು ತಡವರಿಸಲಿಲ್ಲ. ಅಳಿಸುವ ಮೊದಲೇ ತೆರೆದಿಟ್ಟ ಫೈಲು ಅವರ ಪರದೆಯ ಮೇಲೆ, ಏನೂ ಆಗಿಲ್ಲವೆಂಬಂತೆ, ಹಾಗೇ ನಿಂತಿತ್ತು. ಎದುವಿನಾ ಗಾಜು ತಟ್ಟಿದಳು, ಎರಡೂ ಕೈ ಬೀಸಿದಳು. ಕಾಫಿ ಬೇಕಾ ಎಂದು ಕೇಳುತ್ತಿದ್ದಾಳೆಂದುಕೊಂಡು ಅವರು ಓದುತ್ತಲೇ ಹೂಂ ಎಂಬಂತೆ ತಲೆಯಾಡಿಸಿದರು.

"ಅಚಾವೊದ ಎದುವಿನಾಳಿಗೆ," ಗೋಡೆಯ ಸ್ಪೀಕರ್ ಹೇಳಿತು. "ಗುರುವಾರದ ಲಾಂಚಿಗೆ ಬರುತ್ತಿದ್ದೇನೆ. ಧಕ್ಕೆಯಲ್ಲಿ ಕಾಯುತ್ತಿರು. ನಿನ್ನನ್ನು ಕಾಣದೆ ಬಹಳ ದಿನವಾಯಿತು."

ಗಾಳಿಯಲ್ಲಿ ತಪ್ಪಿಹೋಗದಿರಲೆಂದು ಪ್ರತಿ ಸಂದೇಶವನ್ನೂ ಎರಡೆರಡು ಸಲ ಓದುವುದು ವಾಡಿಕೆ. ಇದನ್ನು ಅವರು ಎರಡನೆಯ ಸಲ ಇನ್ನಷ್ಟು ನಿಧಾನವಾಗಿ, ಅಕ್ಕರೆಯಿಂದ ಓದಿದರು.

ದೀಪ ಆರಿದೊಡನೆ ಹೊರಗೆ ಇಣುಕಿದರು. "ಯಾರೇ ಅದು? ಹೆಸರೇ ಹಾಕಿಲ್ವಲ್ಲೇ ಕಳ್ಳಿ!"

"ಸೋದರತ್ತೆ ಮಗ."

"ಹೂಂ, ಹೂಂ. ಅದಿರ್ಲಿ, ಈ ಕಂಪ್ಯೂಟರ್ ಏನೋ ಕೇಳ್ತಿದೆ ಬಾ ಇಲ್ಲಿ. ಫೈಲು ಇದ್ದ ಜಾಗದಲ್ಲಿ ಇಲ್ವಂತೆ. ಉಳಿಸ್ಲೋ, ಬಿಡ್ಲೋ ಅಂತಿದೆ."

"ಬಿಟ್ಬಿಡಿ."

ಅವರು ಒತ್ತಿದರು. ಪರದೆ ಬರಿದಾಯಿತು.

ಗುರುವಾರ ಧಕ್ಕೆಗೆ ಹೋಗದೆ ವಿಧಿಯಿರಲಿಲ್ಲ. ಎಲ್ಲರೂ ಕೇಳಿಸಿಕೊಂಡಿದ್ದರು; ಕಾಯುವವಳೇ ಇಲ್ಲದಿದ್ದರೆ ಊರಿಗೆ ಊರೇ ಆಡಿಕೊಳ್ಳುತ್ತಿತ್ತು. ತಲೆ ಬಾಚಿ, ಉಣ್ಣೆಯ ಶಾಲು ಹೊದ್ದು ನಿಂತಳು. ಲಾಂಚು ಬಂತು. ಆಲೂಗಡ್ಡೆ ಮೂಟೆಗಳು ಇಳಿದವು, ಕಾಲು ಕಟ್ಟಿದ ಕುರಿ ಇಳಿಯಿತು, ಅಪಿಯಾವೊದ ಸೊಯ್ಲಾ ಇಳಿದಳು. "ನಿಮ್ಮೋರು ಬಂದ್ರೇನೇ?" ಎಂದು ಇಳಿದವರೆಲ್ಲ ಕೇಳಿಕೊಂಡೇ ಮುಂದೆ ಹೋದರು. ಒಬ್ಬಿಬ್ಬರು ಸ್ವಲ್ಪ ಹೊತ್ತು ಜೊತೆಗೆ ನಿಂತರು, ಆಮೇಲೆ ಅವರೂ ಹೋದರು.

ಲಾಂಚಿನ ಹೆರಿಬೆರ್ತೊ ಹಗ್ಗ ಸುತ್ತಿಡುತ್ತ ಅವಳ ಮುಖ ನೋಡಿದ. "ಇನ್ಯಾರೂ ಇಲ್ಲ ಕಣಮ್ಮ. ಆ ಕಡೆ ಗಾಳಿ ಜೋರು, ಅದಕ್ಕೇ ಹೊರಡೋಕಾಗಿರಲ್ಲ. ಮುಂದಿನ ವಾರಕ್ಕೆ ಬರೋದಾದ್ರೆ ಇನ್ನೊಂದ್ಸಲ ಹೇಳಿಕಳಿಸ್ತಾರೆ ಬಿಡು."

"ಕಳಿಸ್ತಾರೆ," ಎಂದಳು ಎದುವಿನಾ.

ಶಾಲು ಬಿಗಿಯಾಗಿ ಎಳೆದುಕೊಂಡು ಏರು ಹತ್ತುವಾಗ, ಬರುತ್ತೇನೆಂದು ಹೇಳಿ ಬಾರದೆ ಹೋದವನ ಮೇಲೆ ಅವಳಿಗೆ ನಿಜವಾಗಿಯೂ ಸಿಟ್ಟು ಬಂತು.