ಕಳಿಸದ ದೂರು

"ನಾನು ಕಳಿಸಲೇ ಇಲ್ಲ ಕಣೇ! ಬರೆದೆ, ಸಿಟ್ಟಿಳೀತು, ಪುಟ ಮುಚ್ಚಿಬಿಟ್ಟೆ," ಎಂದು ಅಕ್ಕ ಕೈಚೀಲವನ್ನು ಕುರ್ಚಿಗೆ ಎಸೆದಳು. ಇದನ್ನೇ ಅವಳು ವಾರದಿಂದ ಹೇಳುತ್ತಿದ್ದಳು. ತಂಗಿ ಈರುಳ್ಳಿ ಹೆಚ್ಚುವುದರಲ್ಲೇ ಮುಳುಗಿದವಳಂತೆ ತಲೆ ತಗ್ಗಿಸಿದಳು.

ಅಕ್ಕ ಆಸ್ಪತ್ರೆಯ ಮಕ್ಕಳ ವಾರ್ಡಿನ ನರ್ಸು. ಹೆಡ್ ನರ್ಸ್ ರಾತ್ರಿ ಪಾಳಿಯನ್ನೆಲ್ಲ ತನಗಾಗದವರ ತಲೆಗೇ ಕಟ್ಟುತ್ತಾಳೆ ಎಂದು ಅವಳು ಬರೆದ ದೂರಿನ ವಿಷಯ ಹೇಗೋ ಆ ಹೆಡ್ ನರ್ಸ್ ಕಿವಿಗೇ ಬಿದ್ದಿತ್ತು. ಅಕ್ಕನಿಗೆ ಬಟ್ಟೆ ಒಗೆಯುವ ವಿಭಾಗಕ್ಕೆ ಎತ್ತಂಗಡಿಯಾಯಿತು. ಮಕ್ಕಳನ್ನು ಎತ್ತಿ ಆಡಿಸಿದವಳಿಗೆ ಈಗ ಹಾಸಿಗೆ ಹೊದಿಕೆ ಮಡಿಸುವ ಕೆಲಸ.

ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಆ ದೂರಿನ ಪುಟ ಮಾಡಿಕೊಟ್ಟವಳು ತಂಗಿಯೇ. "ಅರ್ಧ ಬರೆಯೋಷ್ಟರಲ್ಲಿ ಮಗು ಅಳುತ್ತೆ, ಓಡ್ತೀವಿ, ವಾಪಸ್ ಬಂದ್ರೆ ಬರೆದಿದ್ದೆಲ್ಲ ಮಂಗಮಾಯ," ಎಂದು ಹಿಂದೊಮ್ಮೆ ಅಕ್ಕನೇ ಗೊಣಗಿದ್ದಳು. ಅದಕ್ಕೆಂದೇ, ಪುಟ ಮುಚ್ಚಿದರೂ ಬರೆದಷ್ಟೂ ತಾನಾಗಿ ಕಚೇರಿಗೆ ಹೋಗಿ ಸೇರುವಂತೆ ಮಾಡಿ ಬೀಗಿದ್ದಳು ತಂಗಿ. ಬರೆದ ಮೇಲೆ ಬೇಡವೆಂದು ಬಿಟ್ಟುಹೋಗುವವರೂ ಇರುತ್ತಾರೆಂಬುದು ಈ ಜಾಣೆಗೆ ಹೊಳೆದಿರಲೇ ಇಲ್ಲ. ಎತ್ತಂಗಡಿಯ ಸುದ್ದಿ ಕೇಳಿದ್ದೇ ಕದ್ದುಮುಚ್ಚಿ ಅದನ್ನು ಸರಿಮಾಡಿದಳು. ಅಕ್ಕನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

"ಚಾಡಿ ಹೇಳಿದ್ದು ಅವಳೇ. ನಾನು ಬರೀವಾಗ ಹಿಂದೆ ನಿಂತಿದ್ಲು. ಇವತ್ತು ಎಲ್ಲರೆದುರಿಗೂ ನೀರಿಳಿಸಿಬಿಟ್ಟೆ."

ಅವಳೆಂದರೆ ವಾರ್ಡಿನ ಗೆಳತಿ, ಅಕ್ಕನೊಂದಿಗೆ ಒಂದೇ ಡಬ್ಬಿಯಲ್ಲಿ ಉಂಡವಳು. ತಂಗಿ ಈರುಳ್ಳಿಯಿಂದ ತಲೆಯೆತ್ತಿದಳು.

"ಏನಂದ್ಲು?"

"ಏನಂತಾಳೆ? ಅಳ್ತಾ ನಿಂತ್ಲು. ನಾಟಕ!"

ತಂಗಿ ಚಾಕು ಕೆಳಗಿಟ್ಟಳು. "ಅವಳಲ್ಲ ಅಕ್ಕಾ. ಪುಟ ಮುಚ್ಚಿದ್ರೂ ಅದು ಹೋಗ್ತಿತ್ತು. ಹಾಗೆ ಮಾಡಿಟ್ಟಿದ್ದು ನಾನು."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನ ಎತ್ತಂಗಡಿ ಆದ ದಿನಾನೇ."

ಅಕ್ಕ ಫೋನ್ ತೆಗೆದು ಗೆಳತಿಯ ಹೆಸರು ಹುಡುಕಿದಳು. ಒಂದೆರಡು ಮಾತು ಬರೆದು ಬೆರಳು ತಡೆದಳು.

"ಇದು ನಾನು ಕಳಿಸೋವರೆಗೂ ಹೋಗಲ್ಲ ತಾನೇ?"

"ಹೋಗಲ್ಲ ಅಕ್ಕಾ. ನಿಜವಾಗ್ಲೂ ಹೋಗಲ್ಲ."

ಅಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಫೋನನ್ನು ಮೇಜಿನ ಮೇಲೆ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟಳು. ಗೆಳತಿಯ ಮನೆ ಪಟ್ಟಣದ ಆ ತುದಿಯಲ್ಲಿತ್ತು. ಅವಳು ಮೆಟ್ಟಿಲಿಳಿಯುವ ಸದ್ದು ಬೀದಿಯ ಗದ್ದಲದಲ್ಲಿ ಸೇರಿಹೋಗುವವರೆಗೂ ತಂಗಿ ಬಾಗಿಲು ಹಿಡಿದು ನಿಂತಿದ್ದಳು.