ರಸ್ತೆ ದಾಟಿದ ತಂತಿ

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಚಿಕ್ಕರಂಗಯ್ಯ ಮಚ್ಚನ್ನು ಅಲ್ಲೇ ಬಿಟ್ಟು, ಬೇವಿನ ಮರದಡಿ ಬಂದು ನಿಂತ ಜೀಪಿನತ್ತ ನಡೆದ. ಮೊದಲು ಇಳಿದವರು ಮಧುಗಿರಿಯ ಕಡಲೆಕಾಯಿ ಬೆಳೆಗಾರರ ಸಂಘದ ಸೆಕ್ರೆಟರಿ ವೃಷಭೇಂದ್ರಪ್ಪ. ಅವರ ಹಿಂದೆ ಹೂವಿನ ಹಾರ ಹಿಡಿದುಕೊಂಡು ಸರಸಮ್ಮ ಇಳಿದಳು.

"ಬನ್ನಿ ಸಾಮಿ. ನಾನು ಕದಿರಯ್ಯನ ಸೋದರಮಾವ," ಎಂದ ಚಿಕ್ಕರಂಗಯ್ಯ. "ರಾತ್ರಿ ನಿಮ್ಮೋರೇ ತಂದು ಬುಟ್ಟೋದ್ರು. ಟೀ ಕುಡೀತಾ ಕುಡೀತಾನೇ ಹೋದ್ನಂತೆ?"

"ಬಸ್ ಸ್ಟ್ಯಾಂಡ್ ಹತ್ರ. ಗ್ಲಾಸು ಇನ್ನೂ ಕೈಲೇ ಇತ್ತಂತೆ. ಡಾಕ್ಟ್ರು ಹಾರ್ಟು ಅಂದ್ರು. ನಲವತ್ತೂ ತುಂಬಿರ್ಲಿಲ್ಲ ನೋಡಿ."

ಕದಿರಯ್ಯನನ್ನು ಮನೆಯ ಹೊರಗೋಡೆಗೆ ಒರಗಿಸಿ ಕೂರಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿತ್ತು. ಕನ್ನಡಕ ತೆಗೆಯಲು ಯಾರಿಗೂ ತೋಚಿರಲಿಲ್ಲ. ಪಾವಗಡದ ಕಡೆಯ ನೆಂಟರು ತೆಲುಗಿನಲ್ಲಿ ಅಳುತ್ತಿದ್ದರು. ಸರಸಮ್ಮ ಹಾರ ಹಾಕಿ ಒಂದು ಪಕ್ಕಕ್ಕೆ ನಿಂತಳು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವನ ಮುಖವನ್ನು ಅವಳು ನೋಡಿದ್ದು ಇದೇ ಮೊದಲು.

"ಅದೇನೋ ಟಿವಿ ಮುಂದೆ ಕುಂತ್ಕಂಡು ಕೆಲ್ಸ ಮಾಡ್ತೀನಿ ಅಂತಿದ್ದ," ಎಂದ ಚಿಕ್ಕರಂಗಯ್ಯ ಸೆಕ್ರೆಟರಿಯ ಕಡೆ ತಿರುಗಿ. "ಆ ಟಿವಿಯಾಗೆ ಏನು ಬರ್ತದೆ ಸಾಮಿ?"

"ಟಿವಿ ಅಲ್ಲಪ್ಪ, ಕಂಪ್ಯೂಟರು. ಕಡ್ಲೆಕಾಯಿ ಲೆಕ್ಕ ಬರುತ್ತೆ."

"ಅಷ್ಟೇಯಾ?"

"ಅಷ್ಟೇ."

"ಅಯ್ಯೋ, ಈ ನನ್ಮಗ ಅದಕ್ಕೇ ಕಣ್ಣು ಹಾಳು ಮಾಡ್ಕಂಡ್ನಾ," ಎಂದು ಚಿಕ್ಕರಂಗಯ್ಯ ಮತ್ತೆ ಬಿದಿರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮಚ್ಚು ಎತ್ತಿಕೊಂಡವನು ತೋಳಿನಿಂದ ಕಣ್ಣೊರೆಸಿಕೊಂಡ.

ಸೆಕ್ರೆಟರಿ ಸರಸಮ್ಮನ ಬಳಿ ಬಂದು ದನಿ ತಗ್ಗಿಸಿದರು. "ಸಂಜೆ ಹೋದ ತಕ್ಷಣ ಮೆಷೀನು ಆರಿಸ್ಬಿಡಿ ಸರಸಮ್ಮ. ಅವನು ಟೀಗೆ ಎದ್ದು ಹೋದಾಗಿನಿಂದ ಹಂಗೇ ಉರೀತಿದೆ. ಕರೆಂಟು ಹೋದ್ರೆ ಬ್ಯಾಟರಿ ಎಷ್ಟೊತ್ತು ತಡೆಯುತ್ತೆ? ಆರಿಸೋದು ಗೊತ್ತಿರೋದು ಈಗ ನಿಮಗೊಬ್ಬರಿಗೇ."

"ಆಗ್ಲಿ ಸಾರ್," ಎಂದಳು. ಯಂತ್ರ ಉರಿಯುತ್ತಿದೆ ಎಂದರೆ ಗೋದಾಮಿನ ಪರದೆಯ ಮೇಲೆ ಕದಿರಯ್ಯ ಬರೆದು ಕಳಿಸಿದ ಸಾಲೂ ಇನ್ನೂ ಹಾಗೆಯೇ ಇದೆ ಎಂದು ಅವಳಿಗೆ ಹೊಳೆಯಿತು.

*

ಎರಡು ವರ್ಷದ ಹಿಂದೆ, ೧೯೮೬ರಲ್ಲಿ, ಸಂಘಕ್ಕೆ ಆ ಯಂತ್ರ ಬಂದಿತ್ತು, ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಕಂಪ್ಯೂಟರು. ಯಂತ್ರವಿದ್ದದ್ದು ಕಚೇರಿಯಲ್ಲಿ. ಅದರ ಒಂದು ಪರದೆ ಕದಿರಯ್ಯನ ಮೇಜಿನ ಮೇಲೆ, ಇನ್ನೊಂದು ರಸ್ತೆಯಾಚೆಯ ಗೋದಾಮಿನಲ್ಲಿ, ಮೂಟೆಗಳ ತೂಕ ದಾಖಲಿಸುವ ಸರಸಮ್ಮನ ಮುಂದೆ. ಎರಡಕ್ಕೂ ನಡುವೆ ದೀಪದ ಕಂಬದ ಮೇಲಿಂದ ರಸ್ತೆ ದಾಟಿ ಬಂದ ತಂತಿ.

ಬೆಟ್ಟದ ಕೋತಿಗಳು ಜೋತುಬಿದ್ದು ತಂತಿ ಕಿತ್ತರೆ ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಬೇರೆ ಇತ್ತು. ಬೆಳಿಗ್ಗೆ ನೆಟ್ಟಗಿದ್ದ ಅಕ್ಷರಗಳು ಹೊತ್ತೇರಿದಂತೆ ಚೂರುಚೂರಾಗಿ ಬರುತ್ತಿದ್ದವು. ಕದಿರಯ್ಯ ತುಮಕೂರಿನಲ್ಲಿ ಭೌತಶಾಸ್ತ್ರ ಓದಿದವನು. ಗಾಬರಿಯಾಗದೆ ಒಂದೊಂದನ್ನೇ ಬದಲಿಸುತ್ತ ಬಂದ. ಎರಡು ಪರದೆಗಳನ್ನು ಅದಲುಬದಲು ಮಾಡಿದ. ದೋಷ ಪರದೆಯ ಜೊತೆ ಹೋಗಲಿಲ್ಲ, ಗೋದಾಮಿನಲ್ಲೇ ಉಳಿಯಿತು. ಯಂತ್ರದ ಹಿಂದಿನ ಸಂಪರ್ಕವನ್ನು ಬೇರೆ ಕಿಂಡಿಗೆ ಸಿಕ್ಕಿಸಿದ, ಆಗಲೂ ಅಷ್ಟೇ. ಉಳಿದದ್ದು ತಂತಿ ಮಾತ್ರ.

ತಂತಿಯನ್ನು ಪರೀಕ್ಷಿಸಲೆಂದು ಅವನು ತನ್ನ ಪರದೆಯಿಂದ ಅವಳ ಪರದೆಗೆ ಒಂದು ಸಾಲು ಕಳಿಸುತ್ತಿದ್ದ. ಹಾಗೆ ಕಳಿಸುವ ಆಜ್ಞೆಯೊಂದು ಯುನಿಕ್ಸಿನಲ್ಲೇ ಇದೆ. ಸಾಲು ಬಂದಾಗ ಪರದೆ ಟಿಣ್ ಎನ್ನುತ್ತದೆ. ಕನ್ನಡದ ಅಕ್ಷರಗಳಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಹೊಡೆಯಬೇಕು. 'ಕಾಣಿಸ್ತಾ?' ಎಂದು ಅವನು ಕೇಳುತ್ತಿದ್ದ. ಒಂದು ದಿನ ಅವಳು ಬರೆದಳು: 'ಕಾಯಿ ಸುಲಿಯೋ ಮೆಷೀನು ನಿಂತಾಗ ಕಾಣಿಸುತ್ತೆ.'

ಅವನು ಏಣಿ ಹತ್ತಿ ನೋಡಿದ. ತಂತಿ ಎಳೆದವನು ಅಚ್ಚುಕಟ್ಟಾಗಿರಲೆಂದು ಅದನ್ನು ಸುಲಿಯುವ ಯಂತ್ರದ ಮೋಟಾರಿನ ತಂತಿಗೇ ಉದ್ದಕ್ಕೂ ಸೇರಿಸಿ ಕಟ್ಟಿದ್ದ. ಎರಡನ್ನೂ ಬಿಡಿಸಿ ದೂರ ಮಾಡಿದ ಮೇಲೆ ಅಕ್ಷರಗಳು ಒಡೆಯಲಿಲ್ಲ.

ತಂತಿ ಸರಿಹೋಯಿತು. ಸರಿಹೋದದ್ದು ಇಬ್ಬರಿಗೂ ಗೊತ್ತಿತ್ತು. ಆದರೂ ಮಾರನೆಯ ಬೆಳಿಗ್ಗೆ ಗೋದಾಮಿನ ಪರದೆ ಟಿಣ್ ಎಂದಿತು. 'ಕಾಣಿಸ್ತಾ?'

'ಕಾಣಿಸ್ತು,' ಎಂದು ಅವಳು ಬರೆದಳು.

ಅವಳು ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದವಳು. ಅವನು ಒಂಟಿ, ತನ್ನ ಜಾತಿ ಹೇಳಿ ಬಾಡಿಗೆಗೆ ಒಂದು ಕೋಣೆ ಹುಡುಕಲು ಊರೆಲ್ಲ ಸುತ್ತಿದ್ದವನು. ರಸ್ತೆಯಲ್ಲಿ ಎದುರಾದರೆ ಇಬ್ಬರೂ ತಲೆತಗ್ಗಿಸಿ ದಾಟಿಹೋಗುತ್ತಿದ್ದರು. ಮಾತೆಲ್ಲ ತಂತಿಯ ಮೇಲೆ. ಊಟ ಆಯ್ತಾ, ತಲೆನೋವು ಹೋಯ್ತಾ, ಕಂಬದ ಮೇಲೆ ಮರಿಕೋತಿ ಕೂತಿದೆ ನೋಡಿ.

ಒಮ್ಮೆ ಸೆಕ್ರೆಟರಿ ಮನೆಗೆ ಹೊರಡುವ ಅವಸರದಲ್ಲಿ ಮೇನ್ ಸ್ವಿಚ್ ಎಳೆದುಬಿಟ್ಟರು. ಮರುದಿನ ಯಂತ್ರ ಏಳಲೇ ಇಲ್ಲ. ಅರ್ಧದಲ್ಲಿ ನಿಂತು, ಡಿಸ್ಕಿನಲ್ಲಿ ಯಾವುದು ಎಲ್ಲಿದೆ ತಿಳಿಯುತ್ತಿಲ್ಲ ಎಂದು ಗೋಗರೆಯಿತು. ಅದನ್ನು ಎಬ್ಬಿಸುವುದರಲ್ಲಿ ಒಂದು ಹಗಲು ಹೋಯಿತು. ಆಮೇಲೆ ಕದಿರಯ್ಯ ಅವಳಿಗೂ ಆರಿಸುವುದನ್ನು ಕಲಿಸಿದ, ತಂತಿಯ ಮೇಲೆಯೇ. ನಾವು ಹೊಡೆದದ್ದನ್ನು ಯಂತ್ರ ಆ ಕ್ಷಣಕ್ಕೆ ನೆನಪಿನಲ್ಲಷ್ಟೇ ಇಟ್ಟುಕೊಂಡಿರುತ್ತದೆ. ಅದನ್ನು ಡಿಸ್ಕಿಗೆ ಬರೆಯಲು 'ಸಿಂಕ್' ಎನ್ನಬೇಕು. ಮೂರು ಸಲ ಅನ್ನಬೇಕು.

'ಮೂರು ಯಾಕೆ?'

'ಬರೆಯೋಕೆ ಹೇಳೋದು ಮೊದಲನೆಯದೇ. ಮಿಕ್ಕ ಎರಡು, ಅದು ಬರೆದು ಮುಗಿಸೋ ತನಕ ನಮ್ಮ ಕೈ ಸ್ವಿಚ್ಚಿಗೆ ಹೋಗದೆ ಇರಲಿ ಅಂತ.'

ನಿನ್ನೆ, ಶನಿವಾರ ಸಂಜೆ, ಪರದೆ ಟಿಣ್ ಎಂದಾಗ ಬಂದ ಸಾಲು ಬೇರೆಯಾಗಿತ್ತು. 'ನಾಳೆ ಊರಿಗೆ ಹೋಗ್ತೀನಿ. ಅವ್ವನಿಗೆ ನಿಮ್ಮ ವಿಷಯ ಹೇಳಲಾ?'

ಅವಳ ಬೆರಳು ಕೀಲಿಗಳ ಮೇಲೆಯೇ ಕೂತವು. ಅಣ್ಣ ನೆನಪಾದ, ಅತ್ತಿಗೆ ನೆನಪಾದಳು, ಓಣಿ ನೆನಪಾಯಿತು. ಹೊರಗೆ ಮೂಟೆ ಲಾರಿ ಬಂತು; ಎದ್ದುಹೋದಳು. ಲಾರಿಯಿಂದಾಗಿ ಬರೆಯಲಾಗಲಿಲ್ಲ ಎಂದು ಈಗ ಅಂದುಕೊಳ್ಳಬಹುದಿತ್ತು. ಆದರೆ ಲಾರಿ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ತೂಕ ಇನ್ನೂ ನಡೆದಿರುವಾಗಲೇ ಬಸ್ ಸ್ಟ್ಯಾಂಡಿನ ಕಡೆಯಿಂದ ಜನ ಓಡಿ ಬಂದರು.

*

ಹೊಲದ ಬದುವಿನ ಗುಂಡಿಯ ಬಳಿ ತಮಟೆ ನಿಂತಿತು. ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಸರಸಮ್ಮ ಬಗ್ಗಿ ಮೊದಲ ಹಿಡಿ ಹಾಕಿದಳು, ಎರಡನೆಯದೂ ಹಾಕಿದಳು. ಮೂರನೆಯದನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು.

"ಹಾಕವ್ವ, ಹಿಂದೆ ಜನ ನಿಂತವ್ರೆ," ಎಂದರು ಯಾರೋ.

ವಾಪಸು ಬರುವಾಗ ಕದಿರಯ್ಯನ ತಾಯಿ ಪಟಾಲಮ್ಮ ಅವಳ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ನೀನು ಅವನ ಜೊತೆ ಕೆಲ್ಸ ಮಾಡೋಳೇನವ್ವ?"

"ಹೂಂ ಅಮ್ಮ. ಗೋದಾಮಿನಲ್ಲಿ."

"ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದ ಕಣವ್ವ. ಭಾನುವಾರ ಬತ್ತೀನಿ, ಅವರೆಕಾಳು ಸಾರು ಮಾಡಿಕ್ಕು, ನಿನ್ ತಾವ ಒಂದು ಮಾತು ಹೇಳ್ಬೇಕು ಅಂದಿದ್ನಂತೆ. ಏನು ಮಾತು ಅಂತ ನಿಂಗೇನಾರ ಗೊತ್ತಾ?"

ಎರಡು ಹೆಜ್ಜೆ ಮುಂದೆ ಸೆಕ್ರೆಟರಿ ನಡೆಯುತ್ತಿದ್ದರು. ಸರಸಮ್ಮ ನೆಲ ನೋಡಿದಳು.

"ಗೊತ್ತಿಲ್ಲಮ್ಮ."

"ನೆನ್ನೇನೇ ಕಾಳು ನೆನೆಹಾಕಿದ್ದೆ," ಎಂದು ಪಟಾಲಮ್ಮ ಕೈ ಬಿಟ್ಟಳು.

ಸೆಕ್ರೆಟರಿ ನೇರವಾಗಿ ಜೀಪು ಹತ್ತಿದರು. ಚಿಕ್ಕರಂಗಯ್ಯ ತಡೆದ. "ಮಣ್ಣು ಕೊಟ್ಟೋರು ದೀಪ ನೋಡ್ಕಂಡು ಹೋಗ್ಬೇಕು ಸಾಮಿ."

"ಅದು ಮನೆಯೋರಿಗಪ್ಪ. ನಾವು ಹೊರಗಿನೋರು. ಹೊತ್ತಾಯ್ತು, ಹತ್ತಿ ಸರಸಮ್ಮ."

ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಸರಸಮ್ಮ ಅದನ್ನು ಕೆಳಗಿಳಿಸಿದಳು. "ಬಂದೆ ಸಾರ್," ಎಂದು ಮನೆಯೊಳಕ್ಕೆ ಹೋದಳು.

ಕದಿರಯ್ಯನನ್ನು ರಾತ್ರಿ ಮಲಗಿಸಿದ್ದ ಜಾಗವನ್ನು ಸಾರಿಸಿ ಹಣತೆ ಹಚ್ಚಿಟ್ಟಿದ್ದರು. ಅವಳು ಅದರ ಮುಂದೆ ಕೂತು ನೋಡಿದಳು. ನೋಡಿ ಎದ್ದುಹೋಗುವಷ್ಟು ಹೊತ್ತು ಕಳೆದರೂ ಏಳಲಿಲ್ಲ. ಗೋಡೆಗೊರಗಿ ಕೂತಿದ್ದ ಪಟಾಲಮ್ಮ ಅವಳನ್ನೇ ನೋಡುತ್ತಿದ್ದಳು. ಪಕ್ಕದಲ್ಲಿದ್ದ ಎಣ್ಣೆ ಬಾಟಲಿಯನ್ನು ಅವಳ ಕಡೆಗೆ ಸರಿಸಿದಳು.

"ಒಸಿ ಎಣ್ಣೆ ಬುಡವ್ವ," ಎಂದಳು.

ಹೊರಗೆ ಜೀಪು ಹಾರ್ನ್ ಮಾಡಿತು.

*

ಮಧುಗಿರಿ ಮುಟ್ಟುವಾಗ ಬೆಟ್ಟದ ಹಿಂದೆ ಸೂರ್ಯ ಇಳಿದಿದ್ದ. ಸೆಕ್ರೆಟರಿ ಅವಳನ್ನು ಸಂಘದ ಮುಂದೆ ಇಳಿಸಿ ಮನೆಗೆ ಹೋದರು. ಕಚೇರಿಯ ಜಗಲಿಯಲ್ಲಿ ಕೂತಿದ್ದ ಕಾವಲುಗಾರ ಓಬಳಪ್ಪ ಎದ್ದು ನಿಂತ. ಅವಳು ಆ ಕಡೆ ಹೋಗದೆ ಗೋದಾಮಿನ ಬೀಗ ತೆಗೆದಳು.

ಮೂಟೆಗಳ ಕತ್ತಲಲ್ಲಿ ಪರದೆ ಹಸಿರಾಗಿತ್ತು. 'ಅವ್ವನಿಗೆ ನಿಮ್ಮ ವಿಷಯ ಹೇಳಲಾ?' ಯಂತ್ರದ ಲೆಕ್ಕದಲ್ಲಿ ಕದಿರಯ್ಯ ಇನ್ನೂ ತನ್ನ ಜಾಗದಲ್ಲೇ ಇದ್ದ.

ಅವಳು ಸಾಲು ಕಳಿಸುವ ಆಜ್ಞೆ ಹೊಡೆದು, ಅದರ ಮುಂದೆ ಅವನ ಹೆಸರು ಹೊಡೆದಳು. ಉಗುರಿನಲ್ಲಿ ಕೆಮ್ಮಣ್ಣಿತ್ತು, ಒತ್ತಿದ ಕೀಲಿಗಳ ಮೇಲೆ ಅದರ ಕಲೆ ಉಳಿಯಿತು. ಕೆಳಗಿನ ಸಾಲಿನಲ್ಲಿ 'ಹೇಳಿ' ಎಂದು ಬರೆದು ಕಳಿಸಿದಳು. ಯಂತ್ರ ಯಾವ ತಕರಾರನ್ನೂ ಮಾಡಲಿಲ್ಲ.

ಅವಳು ರಸ್ತೆ ದಾಟುವಷ್ಟರಲ್ಲಿ ಓಬಳಪ್ಪ ಕಚೇರಿಯ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ.

"ಒಳಗೆ ಏನೋ ಟಿಣ್ ಅಂತು ಕಣಮ್ಮ. ಯಾರೂ ಇಲ್ವಲ್ಲ?"

"ಬಾಗ್ಲು ತೆಗಿ ಓಬಳಪ್ಪ."

ಕದಿರಯ್ಯನ ಕುರ್ಚಿ ಅವನು ಎದ್ದಾಗ ಸರಿದಂತೆಯೇ ಓರೆಯಾಗಿತ್ತು. ಪರದೆಯ ಮೇಲೆ ಅವನ ಪ್ರಶ್ನೆ, ಅದರ ಕೆಳಗೆ ಅವಳ ಉತ್ತರ. ಮಾತು ಮುಗಿಯಿತೆಂದು ಅವನು ಯಂತ್ರಕ್ಕೆ ಹೇಳಿರಲಿಲ್ಲ. ಮುಂದಿನ ಮಾತಿಗಾಗಿ ಕರ್ಸರ್ ಮಿನುಗುತ್ತಿತ್ತು. ಅವಳು ಕುರ್ಚಿಯನ್ನು ಸರಿಪಡಿಸದೆ ಅದರ ಅಂಚಿನಲ್ಲಿ ಕೂತು, ಮಾತು ಮುಗಿಸುವ ಕೀಲಿಯನ್ನು ತಾನೇ ಒತ್ತಿದಳು. 'ಸಿಂಕ್' ಎಂದು ಹೊಡೆದಳು. ಇನ್ನೊಮ್ಮೆ ಹೊಡೆದಳು. ಡಿಸ್ಕು ಕರಕರ ಸದ್ದು ಮಾಡಿ ಸುಮ್ಮನಾಯಿತು. ಅದು ಪೂರ್ತಿ ಸುಮ್ಮನಾಗುವ ತನಕ ಕಾದು ಮೂರನೆಯ ಸಲ ಹೊಡೆದಳು. ಯಂತ್ರದ ಸ್ವಿಚ್ಚು ಒತ್ತಿ, ಆಮೇಲೆ ಪರದೆಯದನ್ನು ಒತ್ತಿದಳು.

ಅಕ್ಷರಗಳೆಲ್ಲ ಒಳಕ್ಕೆ ಸೇದಿಕೊಂಡು ಗಾಜಿನ ನಡುವೆ ಒಂದು ಹಸಿರು ಚುಕ್ಕೆಯಾದವು.

"ಆರ್ತೇನಮ್ಮ? ಬೀಗ ಹಾಕ್ಲಾ?" ಎಂದ ಓಬಳಪ್ಪ ಬಾಗಿಲಿನಿಂದ.

ಚುಕ್ಕೆ ಇನ್ನೂ ಇತ್ತು.

"ಇರು," ಎಂದಳು ಸರಸಮ್ಮ.